ಟ್ರ್ಯಾಕ್ಟರಿನ ಹಣೆಬರಹ

ಸಿಂಧನೂರಿನಲ್ಲಿ ಕಸ್ಟಮ್ ಕಾರುಗಳಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಮೋಸ ಆಯ್ತು ಅನ್ನಬೇಡಿ. ಮೇಲ್ಛಾವಣಿ ಕತ್ತರಿಸಿ ಕುಳ್ಳಗಾಗಿಸಿದ ಮರ್ಕ್ಯುರಿ, ಮೈಮೇಲೆ ಬೆಂಕಿ ಜ್ವಾಲೆ ಬರೆಸಿಕೊಂಡ ಫೋರ್ಡ್, ನೆಲಕ್ಕೆ ಹೊಟ್ಟೆ ತಾಗಿಸಿ ತೆವಳುವ ಶೆವರ್ಲೆ, ಇವು ಯಾವೂ ನಮ್ಮೂರಿನ ರಸ್ತೆಯಲ್ಲಿ ಓಡಿದವಲ್ಲ. ಆದರೆ ಭತ್ತದ ಸುಗ್ಗಿ ಹೊತ್ತಿಗೆ ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗೋ ರಸ್ತೆ ಪಕ್ಕ ಒಂದರ್ಧ ಗಂಟೆ ನಿಂತು ನೋಡಿ. ಒಂದು ಟ್ರ್ಯಾಕ್ಟರ್ ಇದ್ದಂಗೆ ಇನ್ನೊಂದು ಇರಲ್ಲ. ಒಂದಕ್ಕೆ ದಪ್ಪ ಕಬ್ಬಿಣದ ಬಂಪರ್, ಒಂದಕ್ಕೆ ಹುಡ್ಡಿನ ಸುತ್ತ ಗೊಂಡೆ, ಒಂದರ ಮಡ್‌ಗಾರ್ಡ್ ಮೇಲೆ ಸ್ಪೀಕರ್ ಡಬ್ಬ, ಮತ್ತೊಂದರ ಹಣೆಮೇಲೆ ರೇಡಿಯಂ ಅಕ್ಷರದಲ್ಲಿ ಮಗಳ ಹೆಸರು. ಕಂಪನಿಯಿಂದ ಹೊರಬಿದ್ದಾಗ ಎಲ್ಲವೂ ಒಂದೇ ತರ ಇದ್ದವು. ಈಗ ದೂರದಿಂದಲೇ "ಇದು ಇಂಥವರ ಗಾಡಿ" ಅಂತ ಊರಿನ ಹುಡುಗರು ಹೇಳ್ತಾರೆ.

ಇದಕ್ಕೆ ನಮ್ಮ ಕಡೆ ಇರೋ ಪದ ಶೋಕಿ. ಹೇಳುವಾಗ ಮೂಗು ಸ್ವಲ್ಪ ಮುರಿದೇ ಹೇಳ್ತಾರೆ. ಇದೇ ಕೆಲಸವನ್ನ ಕ್ಯಾಲಿಫೋರ್ನಿಯಾದ ಹುಡುಗರು ಎಪ್ಪತ್ತು ವರ್ಷದ ಹಿಂದೆ ಮಾಡಿದ್ದಕ್ಕೆ ಇರೋ ಪದ ಕಸ್ಟಮ್ ಕಲ್ಚರ್. ಅದಕ್ಕೆ ಪತ್ರಿಕೆಗಳಿವೆ, ಪುಸ್ತಕಗಳಿವೆ, 1993ರಲ್ಲಿ ಲಗೂನಾ ಆರ್ಟ್ ಮ್ಯೂಸಿಯಂನಲ್ಲಿ ಅದೇ ಹೆಸರಿನ ಪ್ರದರ್ಶನವೂ ಆಯ್ತು. ಒಂದೇ ಕೆಲಸ ಅಲ್ಲಿ ಸಂಸ್ಕೃತಿ, ಇಲ್ಲಿ ಶೋಕಿ ಹೇಗಾಯ್ತು? ಈ ಪ್ರಶ್ನೆ ಹಿಡಿದು ಹೊರಟರೆ ಎರಡು ಊರುಗಳ ಇತಿಹಾಸ ಸಿಗುತ್ತೆ.

ಮೊದಲು ಅಲ್ಲಿಯದು. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಮಾಡೆಲ್ ಟಿ ಕಾರನ್ನ ಒಂದೂವರೆ ಕೋಟಿಗೂ ಹೆಚ್ಚು ತಯಾರಿಸಿತು. ಅದರಲ್ಲಿ ಸುಮಾರು ಹನ್ನೊಂದು ವರ್ಷ ಕಪ್ಪು ಬಿಟ್ಟು ಬೇರೆ ಬಣ್ಣವೇ ಇರಲಿಲ್ಲ. ಲಕ್ಷಾಂತರ ಮನೆಗಳ ಮುಂದೆ ಒಂದೇ ಅಚ್ಚಿನ ಕಾರು. 1930ರ ದಶಕದ ಹೊತ್ತಿಗೆ ಇವು ಹಳತಾಗಿ ಗುಜರಿ ಬೆಲೆಗೆ ಬಂದವು. ಕೈಯಲ್ಲಿ ಕಾಸಿಲ್ಲದ ಹುಡುಗರಿಗೆ ಅಷ್ಟೇ ಸಾಕಿತ್ತು. ಮಡ್‌ಗಾರ್ಡ್ ಕಿತ್ತು ಭಾರ ಇಳಿಸಿದರು, ಎಂಜಿನ್ ಬಿಚ್ಚಿ ಜೋರು ಮಾಡಿದರು, ಲಾಸ್ ಏಂಜಲೀಸ್ ಆಚೆಯ ಮರುಭೂಮಿಯಲ್ಲಿ ಬತ್ತಿದ ಕೆರೆಗಳ ಅಂಗಳಕ್ಕೆ ಹೋಗಿ ಓಡಿಸಿದರು. 1937ರಲ್ಲಿ ಇವರೆಲ್ಲ ಸೇರಿ ಒಂದು ಸಂಘವನ್ನೂ ಕಟ್ಟಿಕೊಂಡರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದಿಂದ ವಾಪಸ್ ಬಂದ ಹುಡುಗರಿಗೆ ಕೈಯಲ್ಲಿ ಒಂದಿಷ್ಟು ದುಡ್ಡಿತ್ತು, ಯಂತ್ರಗಳ ಜೊತೆ ಒಡನಾಡಿದ ಅನುಭವ ಇತ್ತು. ಅಲ್ಲಿಂದ ಎರಡು ದಾರಿ ಕವಲೊಡೆದವು. ವೇಗದ ಹಿಂದೆ ಹೋದವರದು ಹಾಟ್ ರಾಡ್, ರೂಪದ ಹಿಂದೆ ಹೋದವರದು ಕಸ್ಟಮ್.

ರೂಪದವರು ಮಾಡ್ತಿದ್ದದ್ದು ಕೇಳಿದರೆ ಕಮ್ಮಾರಿಕೆಯೋ ಶಿಲ್ಪಕಲೆಯೋ ಅನ್ನಿಸುತ್ತೆ. ಛಾವಣಿ ಹೊತ್ತ ಕಂಬಗಳನ್ನ ಕೆಲವು ಇಂಚು ಕತ್ತರಿಸಿ ಮತ್ತೆ ಬೆಸೆಯೋದು. ಬಾಗಿಲ ಹಿಡಿ, ಕಂಪನಿಯ ಲಾಂಛನ, ಎದ್ದು ಕಾಣೋದನ್ನೆಲ್ಲ ಕಿತ್ತು ಮೈ ನುಣುಪು ಮಾಡೋದು. ಹೆಡ್‌ಲೈಟನ್ನ ಬಾಡಿ ಒಳಕ್ಕೆ ಹುದುಗಿಸೋದು. ಬಿಟ್ಟ ಸಂದುಗಳಿಗೆಲ್ಲ ಸೀಸ ಕರಗಿಸಿ ತುಂಬೋದು. ಅದಕ್ಕೇ ಇಂಥ ಕಾರುಗಳಿಗೆ ಲೆಡ್ ಸ್ಲೆಡ್, ಅಂದರೆ ಸೀಸದ ಜಾರುಬಂಡಿ, ಅಂತ ಅಡ್ಡಹೆಸರು ಬಿತ್ತು. ಗಮನಿಸಿ, ಮೊದಲು ಕಿತ್ತು ಹಾಕೋದೇ ಕಂಪನಿಯ ಹೆಸರು.

ಮಾಡಿದವರು ಯಾರು ಅನ್ನೋದು ಮುಖ್ಯ. ಈ ಲೋಕದ ಅತಿ ದೊಡ್ಡ ಹೆಸರು ಜಾರ್ಜ್ ಬ್ಯಾರಿಸ್ ಮತ್ತು ಅವನ ಅಣ್ಣ ಸ್ಯಾಮ್, ಗ್ರೀಕ್ ಮೂಲದ ಕುಟುಂಬದವರು. ಇವರ ಗ್ಯಾರೇಜಿಗೆ 1952ರಲ್ಲಿ ಬಾಬ್ ಹಿರೊಹಾಟಾ ಅನ್ನೋ ಯುವಕ ತನ್ನ 1951ರ ಮಾಡೆಲ್ ಮರ್ಕ್ಯುರಿ ತಂದು ನಿಲ್ಲಿಸಿದ. ಹೆಸರೇ ಹೇಳುವಂತೆ ಅವನು ಜಪಾನಿ ಮೂಲದ ಅಮೆರಿಕನ್. ಅದಕ್ಕೆ ಬರೀ ಹತ್ತು ವರ್ಷ ಮುಂಚೆ, ಯುದ್ಧದ ನೆಪದಲ್ಲಿ, ಅದೇ ದೇಶ ಜಪಾನಿ ಮೂಲದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನ ಮುಳ್ಳುತಂತಿಯ ಶಿಬಿರಗಳಿಗೆ ತಳ್ಳಿತ್ತು. ಇನ್ನು ಲಾಸ್ ಏಂಜಲೀಸಿನ ಪೂರ್ವದ ಕೇರಿಗಳಲ್ಲಿ ಕಾರನ್ನ ನೆಲಮಟ್ಟಕ್ಕೆ ಇಳಿಸಿ ಮೆಲ್ಲಗೆ ಮೆರವಣಿಗೆ ಹೋಗ್ತಿದ್ದವರು ಮೆಕ್ಸಿಕನ್ ಮೂಲದ ಹುಡುಗರು. ಹೀಗೆ ಹೊರಗಿನವರು ಅನ್ನಿಸಿಕೊಂಡವರು ಈ ಲೋಕದಲ್ಲಿ ಬಹಳ ಜನ ಇದ್ದರು. "ಈ ಕಾರು ನಂದು, ಈ ರಸ್ತೆನೂ ನಂದು" ಅಂತ ಬಾಯಲ್ಲಿ ಹೇಳಿದರೆ ಕೇಳೋರಿಲ್ಲದವರು ಅದನ್ನ ತಗಡಿನಲ್ಲಿ, ಬಣ್ಣದಲ್ಲಿ ಹೇಳಿದರು ಅಂತ ನನಗನ್ನಿಸುತ್ತೆ.

ಅದೇ ಹೊತ್ತಿಗೆ ನಮ್ಮ ದೇಶದಲ್ಲಿ? ಕಾರು ಅಂದರೆ ಅಂಬಾಸಿಡರ್, ಫಿಯಟ್, ಇನ್ನೊಂದೋ ಎರಡೋ. ಲೈಸೆನ್ಸ್ ರಾಜ್ಯದ ಕಾಲ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಅಷ್ಟು ಕಾದು ತಂದ ಕಾರಿಗೆ ಗರಗಸ ಹಾಕೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ? ಗುಜರಿ ಅಂಗಡಿಗೆ ಅಗ್ಗದ ಕಾರು ಬಂದು ಬೀಳುವಷ್ಟು ಕಾರುಗಳೇ ಇರಲಿಲ್ಲ. ಬಣ್ಣ ಹಚ್ಚುವ ಆಸೆ ಹಂಗಂತ ಸುಮ್ಮನಿರಲಿಲ್ಲ, ಲಾರಿ ಕಡೆ ಹೋಯಿತು. ಟಾಟಾ, ಲೇಲ್ಯಾಂಡ್ ಕಂಪನಿಗಳು ಬಹುಕಾಲ ಲಾರಿಯ ಚಾಸಿಯನ್ನಷ್ಟೇ ಮಾರ್ತಿದ್ದವು. ಉಳಿದ ಮೈ ಕಟ್ಟುವವನು ಊರಿನ ಬಾಡಿ ಬಿಲ್ಡರ್. ಮರದ ಕ್ಯಾಬಿನ್ನು, ನವಿಲು, ಕಮಲ, ಹಾರ್ನ್ ಪ್ಲೀಸ್ ಎಲ್ಲ ಹುಟ್ಟಿದ್ದು ಆ ಶೆಡ್ಡುಗಳಲ್ಲಿ.

ರಾಯಚೂರು ಸೀಮೆಯ ರೈತನಿಗೆ ಲಾರಿಯೂ ದೂರದ ಮಾತು. ಅವನ ವಾಹನ ಬೇರೆಯದೇ ದಾರಿಯಿಂದ ಬಂತು, ನೀರಿನ ದಾರಿಯಿಂದ. 1948ರ ಸೆಪ್ಟೆಂಬರ್ ತನಕ ನಾವು ನಿಜಾಮನ ಪ್ರಜೆಗಳು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರು. ಎಡದಂಡೆ ಕಾಲುವೆ ಕೊಪ್ಪಳ, ಗಂಗಾವತಿ ದಾಟಿ ಸಿಂಧನೂರಿನ ಎರೆಹೊಲಗಳಿಗೆ ಮುಟ್ಟಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಮಣ್ಣಿನಲ್ಲಿ ಭತ್ತ ನಿಂತಿತು. ಕರಾವಳಿ ಆಂಧ್ರದಿಂದ ಭತ್ತದ ಕೃಷಿ ಬಲ್ಲ ಕುಟುಂಬಗಳು ಬಂದು ಹೊಲದ ನಡುವೆಯೇ ನೆಲೆಸಿದವು. ಅವರ ಊರುಗಳಿಗೆ ಇವತ್ತಿಗೂ ಕ್ಯಾಂಪ್ ಅಂತಲೇ ಹೆಸರು. 1970ರ ದಶಕದಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಸಿಂಧನೂರು ತಾಲೂಕಿನಲ್ಲೇ ಕ್ಯಾಂಪು ಮಾಡಿಕೊಟ್ಟರು. ಲಿಂಗಸುಗೂರಿನ ಕಡೆಗೆ ಕೃಷ್ಣೆಯ ನೀರು ಬಂದದ್ದು ಬಹಳ ತಡವಾಗಿ, ನಾರಾಯಣಪುರ ಅಣೆಕಟ್ಟು ಮುಗಿದ ಮೇಲೆ. ಮಸ್ಕಿಯ ಹಲವು ಹಳ್ಳಿಗಳವರು ಕಾಲುವೆ ಬೇಕು ಅಂತ ಮೊನ್ನೆ ಮೊನ್ನೆಯ ತನಕ ಧರಣಿ ಕೂತಿದ್ದರು. ಒಂದೇ ರಸ್ತೆಯ ಮೂರು ಊರು, ನೀರು ಮುಟ್ಟಿದ ಕಾಲ ಬೇರೆ ಬೇರೆ. ಟ್ರ್ಯಾಕ್ಟರ್ ಶೋಕಿ ಎಲ್ಲಿ ಮೊದಲು, ಎಲ್ಲಿ ತಡ ಅಂತ ಕೇಳಿದರೆ ನನ್ನ ಉತ್ತರ ಕಾಲುವೆ ನಕ್ಷೆಯನ್ನ ತೋರಿಸೋದು.

ನೀರಿನ ಹಿಂದೆ ಯಂತ್ರ ಬಂತು. ಇಲ್ಲೊಂದು ತಮಾಷೆ ಇದೆ. ನಾವು ಅಪ್ಪಟ ದೇಸಿ ಅಂದುಕೊಳ್ಳೋ ಕೆಂಪು ಮಹೀಂದ್ರಾ ಟ್ರ್ಯಾಕ್ಟರಿನ ಮೂಲ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ. 1963ರಲ್ಲಿ ಇಬ್ಬರೂ ಸೇರಿ ಇಲ್ಲಿ ಟ್ರ್ಯಾಕ್ಟರ್ ಕಂಪನಿ ಶುರು ಮಾಡಿದರು. ಹಾಗಾಗಿ ಎರಡು ಕಥೆಗಳೂ ಅಮೆರಿಕದ ಕಾರ್ಖಾನೆಗಳಿಗೇ ಹೋಗಿ ಮುಟ್ತವೆ. ಒಂದು ಕಡೆ ಒಂದೇ ಅಚ್ಚಿನ ಕಾರು, ಇನ್ನೊಂದು ಕಡೆ ಒಂದೇ ಅಚ್ಚಿನ ಟ್ರ್ಯಾಕ್ಟರು.

ಮೊದಲ ಬದಲಾವಣೆ ಎರಡೂ ಕಡೆ ಕೆಲಸಕ್ಕಾಗಿಯೇ ಆದದ್ದು. ಅಲ್ಲಿನವರು ವೇಗಕ್ಕೆ ಮಡ್‌ಗಾರ್ಡ್ ಕಿತ್ತರು. ಇಲ್ಲಿನವರು ಕೆಸರಿಗೆ ಗಾಲಿ ಬದಲಿಸಿದರು. ನೀರು ನಿಲ್ಲಿಸಿದ ಎರೆಮಣ್ಣಿನಲ್ಲಿ ರಬ್ಬರ್ ಟೈರು ಜಾರುತ್ತೆ, ಹೂತು ಹೋಗುತ್ತೆ. ಅದಕ್ಕೆ ಕಬ್ಬಿಣದ ಪಟ್ಟಿ ಬೆಸೆದು ಮಾಡಿದ ಪಂಜರದಂಥ ಗಾಲಿ, ಕೇಜ್ ವೀಲ್, ಬೇಕು. ಅದನ್ನ ಊರಿನ ವೆಲ್ಡಿಂಗ್ ಶಾಪುಗಳೇ ಮಾಡಿಕೊಡ್ತವೆ. ಆ ಗಾಲಿ ಹಾಕಿಕೊಂಡೇ ಡಾಂಬರ್ ರಸ್ತೆಗೆ ಇಳಿದರೆ ರಸ್ತೆ ಕಿತ್ತು ಬರುತ್ತೆ, ಅದಕ್ಕೆ ಅಧಿಕಾರಿಗಳ ಜೊತೆ ಪ್ರತಿ ನಾಟಿ ಸಮಯದಲ್ಲೂ ಜಗಳ. ಒಮ್ಮೆ ಗಾಲಿ ಮಾಡಿಸೋಕೆ ಶೆಡ್ಡಿಗೆ ಹೋದವನು ಎರಡನೇ ಸಲ ಬಂಪರಿಗೆ ಹೋಗ್ತಾನೆ, ಮೂರನೇ ಸಲ ಹುಡ್ಡಿಗೆ, ನಾಲ್ಕನೇ ಸಲ ಟ್ರಾಲಿಗೆ. ಟ್ರಾಲಿ ಅಂತೂ ಊರಲ್ಲೇ ಅಳತೆ ಕೊಟ್ಟು ಕಟ್ಟಿಸುವ ವಸ್ತು. ಹಿಂದಿನ ಬಾಗಿಲಿನ ತಗಡಿನ ಮೇಲೆ ಏನು ಬರಬೇಕು ಅನ್ನೋದರ ಮೇಲೆ ಮನೆಯಲ್ಲಿ ಚರ್ಚೆ ನಡೆಯುತ್ತೆ.

ಕ್ಯಾಲಿಫೋರ್ನಿಯಾಕ್ಕೆ ಇಲ್ಲದ್ದು ಒಂದು ನಮಗಿತ್ತು. ಕಾರಹುಣ್ಣಿಮೆ. ಎತ್ತಿನ ಮೈ ತೊಳೆದು, ಕೋಡು ಹೆರೆದು, ಬಣ್ಣ ಹಚ್ಚಿ, ಕೊಂಬಣಸು ತೊಡಿಸಿ, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲ, ಹಣೆಗೆ ಗೊಂಡೆ ಕಟ್ಟಿ, ಸಂಜೆ ಕರಿ ಹರಿಯೋಕೆ ಹೊರಡಿಸೋದು ಈ ಸೀಮೆಯ ದೊಡ್ಡ ಸಂಭ್ರಮ. ದುಡಿಯುವ ಜೀವವನ್ನ ವರ್ಷಕ್ಕೊಮ್ಮೆ ಮದುಮಗನಂತೆ ಸಿಂಗರಿಸಿ, ಇಡೀ ಊರಿಗೆ ತೋರಿಸೋ ಪದ್ಧತಿ ಟ್ರ್ಯಾಕ್ಟರ್ ಬರೋಕೆ ಎಷ್ಟೋ ಮುಂಚಿನದು. ಈಗ ಅದೇ ಗೊಂಡೆಗಳು ಹುಡ್ಡಿನ ಅಂಚಿನಲ್ಲಿ ತೂಗ್ತವೆ. ಕನ್ನಡಿಗೆ ಗೆಜ್ಜೆ ಕಟ್ತಾರೆ. ಬಾನೆಟ್ಟಿನ ತುದಿಗೆ ಹಣೆ ಅಂತಲೇ ಕರೀತಾರೆ. ಅಮೆರಿಕದ ಹುಡುಗ ಕಾರಿನಿಂದ ಕಂಪನಿ ಕೊಟ್ಟದ್ದನ್ನೆಲ್ಲ ಕಿತ್ತು ನುಣುಪು ಮಾಡಿದ. ನಮ್ಮವನು ಒಂದರ ಮೇಲೊಂದು ಏರಿಸುತ್ತಾ ಹೋದ, ಯಾಕೆಂದರೆ ಅವನ ಕಣ್ಣ ಮುಂದಿದ್ದ ಮಾದರಿ ಎತ್ತು.

ನಮ್ಮ ಮನೆಗೆ ಟ್ರ್ಯಾಕ್ಟರ್ ಬಂದದ್ದು 1994ರಲ್ಲಿ, ಸಾಲದಲ್ಲಿ. ಈ ಸಾಲದ ಕಥೆ ಇಡೀ ಸೀಮೆಯದು. 1975ರ ಕೊನೆಗೆ ದೇಶದಲ್ಲಿ ಗ್ರಾಮೀಣ ಬ್ಯಾಂಕುಗಳು ಶುರುವಾದವು, 1976ರಲ್ಲಿ ಬಳ್ಳಾರಿಯನ್ನ ಕೇಂದ್ರ ಮಾಡಿಕೊಂಡು ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಬಂತು. ಜಮೀನು ಅಡವಿಟ್ಟು ಟ್ರ್ಯಾಕ್ಟರ್ ತರುವವರ ಸಂಖ್ಯೆ ಬೆಳೆಯಿತು. ಸಾಲ ಕೊಟ್ಟ ಬ್ಯಾಂಕಿನ ಹೆಸರು ಗಾಡಿಯ ಮೇಲೆ ಕಾಣಬೇಕು ಅನ್ನೋ ಷರತ್ತು ಇರ್ತಿತ್ತು. ಹಂಗಾಗಿ ಪೇಂಟರ್ ಮೊದಲು ಬರೆಯುತ್ತಿದ್ದದ್ದು ಬ್ಯಾಂಕಿನ ಹೆಸರನ್ನ. ಆಮೇಲೆ ಮನೆದೇವರದ್ದು. ಕೊನೆಗೆ ಮಕ್ಕಳದ್ದು. ಹಟ್ಟಿ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದ ನಮ್ಮ ಸೋದರಮಾವ ರಜೆಗೆ ಬಂದಾಗಲೆಲ್ಲ ನಮ್ಮ ಗಾಡಿಗೆ ಏನಾದರೊಂದು ಬೆಸೆದು ಹೋಗ್ತಿದ್ದರು. ಒಮ್ಮೆ ಅವರನ್ನ ಕೇಳಿದ್ದೆ, ಇಷ್ಟೆಲ್ಲ ಯಾಕೆ ಮಾಮಾ ಅಂತ. "ನೋಡು ತಮ್ಮಾ, ಬ್ಯಾಂಕಿನ ಹೆಸ್ರು ಬರಸಾದು ರೂಲ್ಸು, ದೇವ್ರ ಹೆಸ್ರು ಬರಸಾದು ಪದ್ಧತಿ. ಮಕ್ಕಳ ಹೆಸ್ರು ಬರಸಿದ ಮ್ಯಾಲೆ ಗಾಡಿ ನಮ್ದು ಅನಸ್ತದ" ಅಂದರು.

ಸಾಲ ತೀರೋ ತನಕ ಗಾಡಿ ಕಾಗದದಲ್ಲಿ ಪೂರ್ತಿ ನಮ್ಮದಲ್ಲ. ಮಳೆ ಕೈಕೊಟ್ಟರೆ, ಕಾಲುವೆಯ ಕೊನೆ ಭಾಗಕ್ಕೆ ನೀರು ಬರದಿದ್ದರೆ, ಕಂತು ನಿಲ್ಲುತ್ತೆ. ಕಂತು ನಿಂತರೆ ಗಾಡಿ ಎಳೆದುಕೊಂಡು ಹೋಗ್ತಾರೆ. ಇದನ್ನ ಕಣ್ಣಾರೆ ಕಂಡ ಊರಿನಲ್ಲಿ, ಸಾಲದ ಗಾಡಿಯ ಮೇಲೆ ಮಗಳ ಹೆಸರು ಬರೆಸೋದು ಸಣ್ಣ ಧೈರ್ಯವಲ್ಲ. ಹಣೆಬರಹ ಅನ್ನೋ ಪದಕ್ಕೆ ಇಲ್ಲಿ ಎರಡೂ ಅರ್ಥ ಕೂಡುತ್ತೆ.

ಇನ್ನು ಕಾನೂನು. 1958ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ನಿಯಮ ಬಂತು, ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿಗಿಂತ ಕೆಳಗೆ ಇರಬಾರದು ಅಂತ. ಲೋರೈಡರ್ ಹುಡುಗರಿಗೆ ಇದು ನೇರ ಹೊಡೆತ. ರಾನ್ ಅಗಿರ್ರೆ ಅನ್ನೋನು 1959ರ ಹೊತ್ತಿಗೆ ತನ್ನ ಕಾರಿಗೆ ಹೈಡ್ರಾಲಿಕ್ ಪಂಪ್ ಕೂರಿಸಿಬಿಟ್ಟ. ಪೊಲೀಸರು ಕಂಡರೆ ಸ್ವಿಚ್ ಒತ್ತಿ ಕಾರು ಮೇಲೇಳಿಸೋದು, ಹೋದ ಮೇಲೆ ಇಳಿಸೋದು. ಕಾರು ಕುಣಿಯುವ ಆ ವಿಡಿಯೋಗಳನ್ನ ನೀವು ನೋಡಿರ್ತೀರಿ, ಅದರ ಮೂಲ ಇದು. ಅರವತ್ತೈದು ವರ್ಷ ಆದ ಮೇಲೆ, 2023ರಲ್ಲಿ, ಆ ರಾಜ್ಯ ಈ ನಿರ್ಬಂಧವನ್ನ ತೆಗೆದುಹಾಕೋ ಕಾನೂನು ಮಾಡಿತು.

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇನ್ನಷ್ಟು ಗಟ್ಟಿಯಾಗಿ ಹೇಳಿತು. ಅದು ಸುಮ್ಮನೆ ಹೇಳಿದ ಮಾತಲ್ಲ. ಮಡ್‌ಗಾರ್ಡ್ ಮೇಲಿನ ಸ್ಪೀಕರ್ ಅಬ್ಬರಕ್ಕೆ ಹಿಂದಿನ ಬಸ್ಸಿನ ಹಾರ್ನು ಕೇಳಿಸಲ್ಲ. ಕತ್ತಲಲ್ಲಿ ಹಿಂದೆ ಒಂದು ಕೆಂಪು ಪಟ್ಟಿಯೂ ಇಲ್ಲದೆ ರಸ್ತೆಬದಿ ನಿಂತ ಟ್ರಾಲಿಗೆ ಬೈಕ್ ಗುದ್ದಿ ಸತ್ತವರು ನಮ್ಮ ಕಡೆ ಪ್ರತಿ ಊರಲ್ಲೂ ಒಬ್ಬರಾದರೂ ಸಿಗ್ತಾರೆ. ಮುಂದೆ ಸಾವಿರಾರು ರೂಪಾಯಿಯ ಲೈಟು, ಹಿಂದೆ ಕತ್ತಲು. ಇದನ್ನ ಸಂಸ್ಕೃತಿ ಅಂತ ಸಮರ್ಥಿಸೋಕೆ ನಾನು ತಯಾರಿಲ್ಲ. ಆದರೆ ಗೊಂಡೆ, ಹೆಸರು, ಬಣ್ಣ ಒಂದು ಕಡೆ, ಜೀವಕ್ಕೆ ಎರವಾಗೋದು ಇನ್ನೊಂದು ಕಡೆ. ಎರಡನ್ನೂ ಶೋಕಿ ಅನ್ನೋ ಒಂದೇ ಚೀಲಕ್ಕೆ ತುಂಬಿ ಬೈದರೆ ಹುಡುಗರು ಯಾವುದನ್ನೂ ಕೇಳಿಸಿಕೊಳ್ಳಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಲ್ಲಿ ಅದು ಸಂಸ್ಕೃತಿ ಆದದ್ದು ಹೇಗೆ? ಅಲ್ಲೂ ಶುರುವಿನಲ್ಲಿ ಬೈಗುಳವೇ ಇತ್ತು. ಹಾಟ್ ರಾಡ್ ಅಂದರೆ ಪುಂಡರು ಅನ್ನೋ ಭಾವನೆ. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಅದೇ ಹೆಸರಿನಲ್ಲಿ ಪತ್ರಿಕೆ ಶುರು ಮಾಡಿದ. ಯಾವ ಕಾರು, ಯಾರು ಮಾಡಿದ್ದು, ಹೇಗೆ ಮಾಡಿದ್ದು, ಎಲ್ಲ ಫೋಟೋ ಸಮೇತ ಅಚ್ಚಾಗೋಕೆ ಶುರುವಾಯ್ತು. 1963ರಲ್ಲಿ ಟಾಮ್ ವುಲ್ಫ್ ಎಸ್ಕ್ವೈರ್ ಪತ್ರಿಕೆಯಲ್ಲಿ ಈ ಹುಡುಗರ ಮೇಲೆ ದೊಡ್ಡ ಲೇಖನ ಬರೆದ, ಇವರದೂ ಕಲೆಯೇ ಅನ್ನೋ ಧಾಟಿಯಲ್ಲಿ. ಹಿರೊಹಾಟಾನ ಮರ್ಕ್ಯುರಿ ಕೈ ಬದಲಾಗಿ, ಮೂಲೆ ಸೇರಿ, 1959ರಲ್ಲಿ ಒಬ್ಬ ಶಾಲಾ ಹುಡುಗನಿಗೆ 500 ಡಾಲರಿಗೆ ಸಿಕ್ಕಿತು. ಅವನು ಅದನ್ನ ಜೀವಮಾನವಿಡೀ ಇಟ್ಟುಕೊಂಡ, ಮತ್ತೆ ಮೊದಲಿನಂತೆ ಮಾಡಿಸಿದ. ಅದು ಯಾವ ಕಾರು ಅಂತ ಎಲ್ಲರಿಗೂ ಗೊತ್ತಿದ್ದದ್ದು ಹಳೇ ಪತ್ರಿಕೆಯ ಪುಟಗಳಿಂದ. 2017ರಲ್ಲಿ ಆ ಕಾರು ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ಪಟ್ಟಿ ಸೇರಿತು, 2022ರ ಹರಾಜಿನಲ್ಲಿ ಸುಮಾರು 20 ಲಕ್ಷ ಡಾಲರಿಗೆ ಹೋಯಿತು.

ನಮ್ಮ 1994ರ ಟ್ರ್ಯಾಕ್ಟರ್ ಎಲ್ಲಿ ಹೋಯಿತು? ಎಕ್ಸ್‌ಚೇಂಜ್ ಮೇಳದಲ್ಲಿ ಕೊಟ್ಟು ಹೊಸದು ತಂದೆವು. ತಗೊಂಡವನು ಮಾಡುವ ಮೊದಲ ಕೆಲಸ ಹಳೇ ಹೆಸರು ಕೆರೆಯೋದು. ಮಾವ ಬೆಸೆದ ಬಂಪರ್ ಗುಜರಿಗೆ ಹೋಗಿರುತ್ತೆ. ಬ್ರಷ್ಷಿನಲ್ಲಿ ಅಕ್ಷರ ಬರೆಯುತ್ತಿದ್ದ ಪೇಂಟರುಗಳ ಕೆಲಸವನ್ನ ರೇಡಿಯಂ ಕತ್ತರಿಸುವ ಯಂತ್ರ ತಗೊಂಡಿತು. ಅವರ ಕೈಬರಹದ ಒಂದು ತಗಡೂ ಯಾರೂ ಎತ್ತಿಟ್ಟಿಲ್ಲ ನಮ್ಮ ಮನೇಲಿ.

ಈ ರಸ್ತೆಯ ಮಧ್ಯದಲ್ಲಿ ಮಸ್ಕಿ ಇದೆ. ಬರೆದ ಹೆಸರಿನ ಬೆಲೆ ಏನು ಅನ್ನೋದು ಆ ಊರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದೇವಾನಾಂಪ್ರಿಯ ಅಂತ ದೇಶದ ತುಂಬ ಬಂಡೆಗಳ ಮೇಲೆ ಬರೆಸಿದ ರಾಜ ಯಾರು ಅನ್ನೋದನ್ನ ವಿದ್ವಾಂಸರು ಬೌದ್ಧ ಗ್ರಂಥಗಳನ್ನ ತಾಳೆ ಹಾಕಿ ಊಹಿಸಿದ್ದರು. 1915ರಲ್ಲಿ ಮಸ್ಕಿಯ ಬೆಟ್ಟದಲ್ಲಿ ಸಿ. ಬೀಡನ್ ಅನ್ನೋ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದ ಶಾಸನದಲ್ಲಿ ಅಶೋಕ ಅನ್ನೋ ಹೆಸರೇ ಇತ್ತು. ಆವತ್ತಿಗೆ ಅದು ಮೊದಲನೆಯದು. ಒಂದು ಬಂಡೆಯ ಮೇಲಿನ ಒಂದು ಹೆಸರು ಊಹೆಯನ್ನ ಇತಿಹಾಸ ಮಾಡಿತು. ಚಕ್ರವರ್ತಿಗೆ ಬಂಡೆ ಸಿಕ್ಕಿತು, ಎರಡು ಸಾವಿರ ವರ್ಷಕ್ಕೂ ಹೆಚ್ಚು ಬಾಳಿತು. ರೈತನಿಗೆ ಸಿಕ್ಕ ತಗಡು ಇಪ್ಪತ್ತು ವರ್ಷ ಬಾಳೋದೂ ಕಷ್ಟ.

ಅದಕ್ಕೆ ನನ್ನದೊಂದು ಸಣ್ಣ ಕೆಲಸ ನಡೀತಿದೆ, ನಿಮ್ಮದೂ ಆಗಬಹುದು. ಊರಿಗೆ ಹೋದಾಗ ಫೋನಿನಲ್ಲಿ ಟ್ರ್ಯಾಕ್ಟರಿನ ಮುಂಭಾಗ, ಟ್ರಾಲಿಯ ಹಿಂಬಾಗಿಲು ಫೋಟೋ ತೆಗೀತೀನಿ, ಮಾಲೀಕರನ್ನ ಕೇಳಿಯೇ. ಜೊತೆಗೆ ಮೂರು ವಿಷಯ ಬರೆದಿಟ್ಕೊಳ್ತೀನಿ: ಯಾವ ವರ್ಷದ ಗಾಡಿ, ಯಾವ ಶೆಡ್ಡಿನಲ್ಲಿ ಕಟ್ಟಿದ್ದು, ಅಕ್ಷರ ಬರೆದದ್ದು ಯಾರು. ಮೊದಲ ಎರಡಕ್ಕೆ ಉತ್ತರ ಥಟ್ಟನೆ ಬರುತ್ತೆ. ಮೂರನೆಯದಕ್ಕೆ ಜನ ಒಂದು ಕ್ಷಣ ಸುಮ್ಮನಾಗ್ತಾರೆ, ಆಮೇಲೆ ಪಕ್ಕದ ಮನೆಯವರನ್ನ ಕೂಗಿ ಕೇಳ್ತಾರೆ. "ಏ, ಅವಾಗ ನಮ್ ಗಾಡಿಗೆ ಬರ್ದಾವ ಯಾರು, ಹೆಸ್ರೇನು ಅವಂದು?" ಅಂತ. ಸಿಂಧನೂರಿನಲ್ಲಿ ಎರಡು ಸಲ, ಲಿಂಗಸುಗೂರಿನಲ್ಲಿ ಒಂದು ಸಲ ಹೆಸರು ಸಿಕ್ಕಿದೆ. ಮಸ್ಕಿಗೆ ಈ ದೀಪಾವಳಿ ರಜೆಯಲ್ಲಿ ಹೋಗ್ಬೇಕು.